ಮೂರನೆಯ ವ್ಯತ್ಯಾಸ

ಎರಡು ವಿಷಯ ಕೊಟ್ಟು ಹೋಲಿಸಿ ಬರೆಯಿರಿ ಅಂತ ಯಾರಾದರೂ ಅಂದರೆ ನನಗೆ ಈಗ ಮೈಯೆಲ್ಲ ಉರಿಯುತ್ತದೆ. ಎರಡೂವರೆ ವರ್ಷ ಅದನ್ನೇ ಮಾಡಿ ಹೊಟ್ಟೆ ಹೊರೆದವಳು ನಾನು. ರಾಜಪ್ರಭುತ್ವಕ್ಕೂ ಪ್ರಜಾಪ್ರಭುತ್ವಕ್ಕೂ ಏನು ವ್ಯತ್ಯಾಸ, ಫ್ರಾನ್ಸಿನ ಕ್ರಾಂತಿಗೂ ರಷ್ಯಾದ ಕ್ರಾಂತಿಗೂ ಏನು ಹೋಲಿಕೆ, ಒಂದು ಕಾದಂಬರಿಯ ವಿಧವೆಯ ದುಃಖವೂ ಇನ್ನೊಂದರ ವಿಧವೆಯ ದುಃಖವೂ ಒಂದೇ ಬಗೆಯದೋ ಬೇರೆಯೋ, ಇಂಥವು. ಅಹಮದಾಬಾದಿನ ನವರಂಗಪುರದಲ್ಲಿ ಒಂದು ಕಟ್ಟಡದ ಮೂರನೇ ಮಹಡಿಯಲ್ಲಿ ಕೂತು, ನಾನು ಕಂಡೇ ಇರದ ದೇಶಗಳ ವಿದ್ಯಾರ್ಥಿಗಳಿಗಾಗಿ ಇವನ್ನೆಲ್ಲ ಬರೆದೆ. ಅವರು ಅದನ್ನು ತಮ್ಮದೆಂದು ತಮ್ಮ ಕಾಲೇಜಿಗೆ ಒಪ್ಪಿಸುತ್ತಿದ್ದರು. ನಮ್ಮ ಕಂಪನಿ ಈ ಕೆಲಸಕ್ಕೆ ಅಕಾಡೆಮಿಕ್ ಸಪೋರ್ಟ್ ಅಂತ ಹೆಸರಿಟ್ಟಿತ್ತು. ಸಪೋರ್ಟ್ ಅಂತೆ, ಮಣ್ಣಂಗಟ್ಟಿ.

ನನ್ನ ಹೆಸರು ಧನುಶ್ರೀ, ಊರು ಭದ್ರಾವತಿ. ವಡೋದರಾದ ಒಂದು ವಿಶ್ವವಿದ್ಯಾಲಯದಲ್ಲಿ ಪಿಎಚ್.ಡಿ.ಗೆ ಸೇರಿದ್ದೆ. ಫೆಲೋಶಿಪ್ ನಿಂತ ಮೇಲೆ ಥೀಸಿಸ್ ಮುಗಿಯುವ ತನಕ ಅಂತ ಈ ಕೆಲಸ ಹಿಡಿದೆ. ಥೀಸಿಸ್ಸಿನ ವಿಷಯವೂ ಹೋಲಿಕೆಯೇ, ನನ್ನ ಹಣೆಬರಹ. ಒಂದು ಕಡೆ ನಮ್ಮ ಸಾಗರದ ಕಾಗೋಡು ಸತ್ಯಾಗ್ರಹ, ಇನ್ನೊಂದು ಕಡೆ ಗುಜರಾತಿನ ನವನಿರ್ಮಾಣ ಚಳವಳಿ. ಅಲ್ಲಿ ಗೇಣಿ ಅಳೆಯುವ ಕೊಳಗದ ಗಾತ್ರದಿಂದ ಜಗಳ ಹತ್ತಿಕೊಂಡಿತು. ಇಲ್ಲಿ ಹಾಸ್ಟೆಲಿನ ಊಟದ ದರ ಏರಿದ್ದರಿಂದ ಹತ್ತಿಕೊಂಡು, ಎಪ್ಪತ್ತನಾಲ್ಕರಲ್ಲಿ ಸರಕಾರವೇ ಉರುಳಿತು. ನವನಿರ್ಮಾಣದ ಬಗ್ಗೆ ನಾನು ಓದಿದ ಪುಸ್ತಕಗಳಲ್ಲೆಲ್ಲ ವಿದ್ಯಾರ್ಥಿ ನಾಯಕರಿದ್ದರು, ಮಂತ್ರಿಗಳಿದ್ದರು. ಆ ಊಟ ಬೇಯಿಸಿದವನು ಮಾತ್ರ ಎಲ್ಲೂ ಇರಲಿಲ್ಲ. ಅವನನ್ನು ಹುಡುಕಿಯೇ ಬಿಡುತ್ತೇನೆ ಅಂತ ಹಟ ಹಿಡಿದೆ.

ಸಿಕ್ಕಿದರು. ಸೂರತ್ತಿನ ಅಡಾಜಣ್‌ನಲ್ಲಿ ಶಕುಂತಲಾ ಎಂಬವರು ಸಣ್ಣದೊಂದು ಉಡುಪಿ ಹೋಟೆಲ್ ನಡೆಸುತ್ತಾರೆ. ಅವರ ತಂದೆ ಪದ್ಮನಾಭ, ಬಾರ್ಕೂರಿನ ಕಡೆಯವರು, ಎಪ್ಪತ್ತನಾಲ್ಕರಲ್ಲಿ ಅಹಮದಾಬಾದಿನ ಒಂದು ಹಾಸ್ಟೆಲ್ ಮೆಸ್ಸಿನ ಅಡುಗೆಯವರು. ಆಗ ಇಪ್ಪತ್ತೆರಡರ ಪ್ರಾಯ. ನಾನು ಹೋದಾಗ ಎಪ್ಪತ್ತು ದಾಟಿತ್ತು. ಹೋಟೆಲಿನ ಮೇಲಿನ ಮನೆಯಲ್ಲಿ, ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಕೂತು ಬೀನ್ಸಿನ ನಾರು ತೆಗೆಯುತ್ತಿದ್ದರು. ಮೂರು ಸಲ ಹೋದರೂ ಹವಾಮಾನದ ಮಾತಾಡಿ ಕಳಿಸಿದರು. ನಾಲ್ಕನೇ ಸಲ ಮಗಳು ಕೆಳಗೆ ಗಲ್ಲಾದಲ್ಲಿದ್ದಾಗ ಬಾಯಿ ಬಿಟ್ಟರು. ಫೋನಿನಲ್ಲಿ ರೆಕಾರ್ಡ್ ಮಾಡಲು ಬಿಡಲಿಲ್ಲ.

"ಅದನ್ನು ಒಳಗಿಡು. ಬರ್ಕೊಳ್ಳುದಾದ್ರೆ ಬರ್ಕೋ," ಅಂದರು.

ನಡೆದದ್ದು ಇಷ್ಟು. ಮೆಸ್ಸಿನ ಎಣ್ಣೆ ಡಬ್ಬಗಳನ್ನು ಕಂತ್ರಾಟುದಾರನೇ ಹೊರಗೆ ಮಾರುತ್ತಿದ್ದ. ಸಿಟ್ಟಿಗೆದ್ದ ಹುಡುಗರು ಒಳಗೆ ನುಗ್ಗಿ ಎಣ್ಣೆ ಎಲ್ಲಿ ಅಂತ ಕೇಳಿದಾಗ ಅವನು ಅಡುಗೆಯವನ ಕಡೆ ಕೈ ತೋರಿಸಿದ. ಹುಡುಗರು ಇವರನ್ನು ಊಟದ ಮೇಜಿನ ಮೇಲೆ ನಿಲ್ಲಿಸಿ, ಕೊರಳಿಗೆ ಚೋರ್ ಅಂತ ಬರೆದ ರಟ್ಟು ಕಟ್ಟಿ, ಒಂದು ಮಧ್ಯಾಹ್ನವಿಡೀ ಕೂಗಾಡಿದರು. ಪದ್ಮನಾಭ ಉಟ್ಟ ಬಟ್ಟೆಯಲ್ಲೇ ಸೂರತ್ತಿಗೆ ಓಡಿ ಬಂದರು. ಸುದ್ದಿ ಬಾರ್ಕೂರು ಮುಟ್ಟಿತ್ತು. ನಾಚಿಕೆಗೆ ಹನ್ನೊಂದು ವರ್ಷ ಊರಿನ ಕಡೆ ತಲೆ ಹಾಕಲಿಲ್ಲ. ಅಷ್ಟರಲ್ಲಿ ತಾಯಿ ತೀರಿಕೊಂಡಿದ್ದರು.

"ಆ ಸರ್ಕಾರ ಬಿತ್ತು, ಮತ್ತೊಂದು ಬಂತು, ಅದೂ ಬಿತ್ತು. ಅದೆಲ್ಲ ಪುಸ್ತಕದಲ್ಲಿ ಉಂಟು," ಅಂದರು ಅಜ್ಜ. "ಎಣ್ಣೆ ಕದ್ದದ್ದು ನಾನಲ್ಲ ಅಂತ ಎಲ್ಲಿಯೂ ಇಲ್ಲ. ನೀನು ಹಾಕ್ತೀಯಾ?"

"ಹಾಕ್ತೀನಿ ಅಜ್ಜ. ನಿಮ್ಮ ಹೆಸರು, ಊರು ಎಲ್ಲ ಹಾಕ್ತೀನಿ."

"ಶಕುಂತಲೆಗೂ ನಾನು ಹೇಳ್ಲಿಲ್ಲ. ಬಾಯಲ್ಲಿ ಹೇಳಿದ್ರೆ ಅಪ್ಪ ತನ್ನನ್ನು ತಾನೇ ಒಳ್ಳೆಯವ ಅಂತ ಹೇಳ್ಕೊಂಡ ಹಾಗೆ ಆಗ್ತದೆ. ಅಚ್ಚಾಗ್ಲಿ, ಆಮೇಲೆ ಓದ್ಲಿ."

ಆ ಅಧ್ಯಾಯವನ್ನು ನಾನು ಎರಡು ತಿಂಗಳು ಕೂತು ಬರೆದೆ. ಹೆಮ್ಮೆಯಿಂದಲೇ ಹೇಳುತ್ತೇನೆ, ನಾನು ಬರೆದದ್ದರಲ್ಲಿ ಒಳ್ಳೆಯದು ಅಂತ ಏನಾದರೂ ಇದ್ದರೆ ಅದೊಂದೇ. ಅಜ್ಜ ಪ್ರತಿ ಭಾನುವಾರ ಫೋನ್ ಮಾಡುತ್ತಿದ್ದರು. "ಎಂತ ಮಾರಾಯ್ತಿ, ಅಚ್ಚಿಗೆ ಹೋಯ್ತಾ?" ಅಂತ ಒಂದೇ ಪ್ರಶ್ನೆ. ಇನ್ನೊಂದು ಸ್ವಲ್ಪ ದಿನ ಅಜ್ಜ ಅಂತ ನನ್ನದೂ ಒಂದೇ ಉತ್ತರ.

ಆಮೇಲೆ ಆ ಆರ್ಡರ್ ಬಂತು. ನನಗೆ ಜ್ವರ. ಮೂರು ಲೇಖನ ಅದೇ ದಿನ ಕೊಡಬೇಕಿತ್ತು. ಎರಡನ್ನು ಹೇಗೋ ಬರೆದು ತಳ್ಳಿದೆ. ಮೂರನೆಯದು ಆಸ್ಟ್ರೇಲಿಯಾದ ಯಾವಳೋ ವಿದ್ಯಾರ್ಥಿನಿಯದು. ದಿನನಿತ್ಯದ ಒಂದು ಸಣ್ಣ ಸಂಗತಿಯಿಂದ ಹುಟ್ಟಿದ ಎರಡು ಜನಚಳವಳಿಗಳನ್ನು ಹೋಲಿಸಬೇಕು, ಒಬ್ಬ ಸಾಕ್ಷಿಯ ಬಾಯಿಮಾತು ಇರಬೇಕು, ಸಂಜೆಯೊಳಗೆ ಬೇಕು. ನಮ್ಮ ಟೀಮಿನ ಮುಖ್ಯಸ್ಥ ಭರತೇಶ್, ಬೆಳಗಾವಿಯವನು, ನನ್ನ ಮೇಜಿನ ಹತ್ತಿರ ಬಂದು ನಿಂತ.

"ಧನುಶ್ರೀ, ಇದು ನಿಮ್ಮ ಸಬ್ಜೆಕ್ಟ್ ಐತಲ್ರೀ. ಬಡಬಡ ಮುಗಿಸಿಬಿಡ್ರಿ."

ನನ್ನ ಸಬ್ಜೆಕ್ಟೇ. ಲ್ಯಾಪ್‌ಟಾಪಿನಲ್ಲಿ ಸಿದ್ಧವಾಗಿಯೇ ಇತ್ತು. ಯಾರೋ ಹುಡುಗಿ, ಎಲ್ಲೋ ಒಂದು ಕಾಲೇಜು, ಒಬ್ಬ ಮೇಷ್ಟ್ರು ಓದಿ ಅಂಕ ಹಾಕಿ ಮರೆಯುತ್ತಾರೆ ಅಂದುಕೊಂಡೆ. ಅಧ್ಯಾಯವನ್ನು ಹಾಗೇ ಎತ್ತಿ ಹಾಕಿದೆ.

ಕಂಪನಿಯಲ್ಲಿ ಒಂದು ಕಟ್ಟಳೆಯಿತ್ತು. ಏನನ್ನೇ ಹೋಲಿಸಲಿ, ಮೂರು ಹೋಲಿಕೆ ಇರಬೇಕು, ಮೂರು ವ್ಯತ್ಯಾಸ ಇರಬೇಕು. ಒಂದು ಕಡಿಮೆಯಾದರೂ ಲೇಖನ ವಾಪಸ್. ನನ್ನ ಅಧ್ಯಾಯದಲ್ಲಿ ಹೋಲಿಕೆ ಬೇಕಾದಷ್ಟಿತ್ತು, ವ್ಯತ್ಯಾಸ ಎರಡೇ. ಕಾಗೋಡಿನ ಗೇಣಿದಾರನೂ ತಪ್ಪು ಮಾಡಿರಲಿಲ್ಲ, ಮೆಸ್ಸಿನ ಅಡುಗೆಯವನೂ ಮಾಡಿರಲಿಲ್ಲ. ಅದನ್ನು ತೋರಿಸಲಿಕ್ಕೇ ನಾನು ಆ ಅಧ್ಯಾಯ ಬರೆದದ್ದು. ತಲೆ ಸಿಡಿಯುತ್ತಿತ್ತು, ಒಂದು ಗಂಟೆ ಉಳಿದಿತ್ತು. ಕೂತು ನಾಲ್ಕು ಸಾಲು ಸೇರಿಸಿದೆ. ಗೇಣಿದಾರ ನಿರಪರಾಧಿ, ಆದರೆ ಅಡುಗೆಯವನು ಎಣ್ಣೆ ಕದ್ದದ್ದು ನಿಜ, ಐವತ್ತು ವರ್ಷಗಳ ನಂತರ ಅವನೇ ಒಪ್ಪಿಕೊಂಡ. ಮೂರನೆಯ ವ್ಯತ್ಯಾಸ ಸಿಕ್ಕಿತು.

ಅಜ್ಜನ ಹೆಸರು ತೆಗೆಯಬೇಕೆಂದುಕೊಂಡಿದ್ದೆ. ಮರೆತೆ. ಮರೆತೆ ಅಂತ ಎಷ್ಟು ಸುಲಭವಾಗಿ ಬರೆದುಬಿಟ್ಟೆ ನೋಡಿ.

ಕೃತಿಚೌರ್ಯ ಹಿಡಿಯುವ ತಂತ್ರಾಂಶಕ್ಕೆ ಹಾಕಿ ನೋಡಿದ ಭರತೇಶನಿಗೆ ಖುಷಿಯೋ ಖುಷಿ. "ಝೀರೋ ಪರ್ಸೆಂಟ್ ಬಂದೈತ್ರಿ. ಎಲ್ಲೂ ಕದ್ದಿಲ್ಲ. ಹಿಂಗ ಬರೀಬೇಕು ನೋಡ್ರಿ," ಅಂತ ಎಲ್ಲರೆದುರು ಹೊಗಳಿದ. ನಾನು ಮನೆಗೆ ಹೋಗಿ ಮಲಗಿದೆ.

ಎಂಟು ತಿಂಗಳು ಕಳೆದವು. ಥೀಸಿಸ್ ಮುಗಿಸಿ ವಡೋದರಾಕ್ಕೆ ಕೊಟ್ಟೆ. ಅದನ್ನೂ ಅಂಥದೇ ತಂತ್ರಾಂಶಕ್ಕೆ ಹಾಕುತ್ತಾರೆ. ವಾರದಲ್ಲಿ ಗೈಡ್ ಮೇಡಂ ಬರಹೇಳಿದರು. ಅವರು ವಡೋದರಾದವರೇ, ನಿವೃತ್ತಿಗೆ ಒಂದು ವರ್ಷ ಉಳಿದಿತ್ತು. ಬಯ್ಯುವವರಲ್ಲ. ಆವತ್ತೂ ಬಯ್ಯಲಿಲ್ಲ. ಕಾಗದ ನನ್ನ ಮುಂದಿಟ್ಟರು. ಅಜ್ಜನ ಕತೆಯಿದ್ದ ನಾಲ್ಕನೇ ಅಧ್ಯಾಯ ತೊಂಬತ್ತೊಂದು ಪರ್ಸೆಂಟ್ ನಕಲು. ಮೂಲ, ಆಸ್ಟ್ರೇಲಿಯಾದ ಒಬ್ಬ ವಿದ್ಯಾರ್ಥಿನಿಯ ಬಹುಮಾನಿತ ಲೇಖನ. ಬಹುಮಾನ ಬಂತು ಅಂತ ಅವಳ ಕಾಲೇಜು ಅದನ್ನು ತನ್ನ ವೆಬ್‌ಸೈಟಿನಲ್ಲಿ ಹಾಕಿತ್ತು.

"ಮೇಡಂ, ಇದು ನನ್ನದು. ಆ ಅಜ್ಜನನ್ನು ಹುಡುಕಿದ್ದು ನಾನು. ನನ್ನ ನೋಟ್‌ಬುಕ್ ಇದೆ," ಅಂದೆ.

"ನಂಬುತ್ತೇನೆ," ಅಂದರು ಮೇಡಂ ಹಿಂದಿಯಲ್ಲಿ. "ಹಾಗಾದರೆ ಅವಳಿಗೆ ಹೇಗೆ ಸಿಕ್ಕಿತು?"

ನಾನು ಕಾಗದವನ್ನು ಅವರತ್ತಲೇ ಸರಿಸಿದೆ. ಅವರಿಗೆ ಅರ್ಥವಾಯಿತು. ಇಂಥ ಕಂಪನಿಗಳು ಈ ಊರುಗಳಲ್ಲಿ ಎಷ್ಟಿವೆ ಅಂತ ಅವರಿಗೆ ಗೊತ್ತಿಲ್ಲದ್ದೇನಲ್ಲ.

"ಒಂದೋ ನೀನು ಅವಳಿಂದ ಕದ್ದಿದ್ದೀ, ಇಲ್ಲವೇ ಅವಳಿಗೆ ಮಾರಿದ್ದೀ. ನಾನು ಯಾವುದನ್ನು ಬರೆಯಲಿ?" ಅಂತ ಕೇಳಿದರು. ಕದ್ದದ್ದು ಅಂದರೆ ಅಧ್ಯಾಯ ಕಿತ್ತು ಹಾಕಿ ಆರು ತಿಂಗಳಲ್ಲಿ ಮತ್ತೆ ಕೊಡಬಹುದು. ಮಾರಿದ್ದು ಅಂದರೆ ಸಮಿತಿಗೆ ಹೋಗುತ್ತದೆ, ನೋಂದಣಿಯೇ ಉಳಿಯುವುದಿಲ್ಲ. ಮೂರನೆಯ ದಾರಿ ಇರಲಿಲ್ಲ. ನಾಲ್ಕನೇ ಅಧ್ಯಾಯವನ್ನು ತೆಗೆಯಲು ಒಪ್ಪಿದ್ದೇನೆ ಎಂಬ ಕಾಗದಕ್ಕೆ ಸಹಿ ಹಾಕಿದೆ. ಅಜ್ಜನ ನೆನಪು ಬರಲಿಲ್ಲ ಅಂತ ಹೇಳಲಾರೆ. ಬಂತು. ಆದರೂ ಹಾಕಿದೆ. ಆರು ವರ್ಷದ ಓದು ಕಣ್ಣೆದುರು ಮುಳುಗುತ್ತಿರುವಾಗ ಪೆನ್ನು ಕೆಳಗಿಡುವಷ್ಟು ದೊಡ್ಡ ಮನುಷ್ಯಳಲ್ಲ ನಾನು.

ಹೊರಗೆ ಬಂದ ಮೇಲೆ ಅಹಮದಾಬಾದಿಗೆ ಹಿಂತಿರುಗಲು ಮನಸ್ಸಾಗಲಿಲ್ಲ. ಸೂರತ್ತಿನ ರೈಲು ಹತ್ತಿದೆ. ಅಜ್ಜನ ಕಾಲು ಹಿಡಿದು, ಅಚ್ಚಾಗುವುದಿಲ್ಲ ಅಂತ ಹೇಳಿಬಿಡುವುದು ಅಂತಿತ್ತು. ಆ ನಾಲ್ಕು ಸಾಲಿನ ವಿಷಯ ಹೇಳುವ ಧೈರ್ಯ ಇರಲಿಲ್ಲ. ಆಸ್ಟ್ರೇಲಿಯಾದಲ್ಲಿ ಬಿದ್ದಿರುವ ಲೇಖನ ಅಡಾಜಣ್‌ನ ಮುದುಕನ ಕಿವಿಗೆ ಬೀಳುವುದುಂಟೇ ಅಂತ ಸಮಾಧಾನ ಮಾಡಿಕೊಂಡೆ.

ಆಟೋ ಇಳಿದಾಗ ಮಧ್ಯಾಹ್ನ ಮೂರು ಗಂಟೆ. ಹೋಟೆಲಿನಲ್ಲಿ ಗಿರಾಕಿಗಳಿರಲಿಲ್ಲ. ಶಕುಂತಲಕ್ಕ ನನ್ನನ್ನು ನೋಡಿದ್ದೇ ಗಲ್ಲಾ ಬಿಟ್ಟು ಎದ್ದು ಬಂದು ಕೈ ಹಿಡಿದುಕೊಂಡರು.

"ನಿನಗೆ ಫೋನ್ ಮಾಡ್ಬೇಕು ಅಂತ ಇದ್ದೆ, ನೀನೇ ಬಂದಿ. ಅಪ್ಪನ ಹೆಸರು ಬಂದಿದೆಯಂತೆ, ಕಂಪ್ಯೂಟರಲ್ಲಿ. ನಮಿತಾ ಈಗ ತಾನೇ ನೋಡಿದ್ದು. ಮೇಲೆ ಬಾ, ಶೀರಾ ಮಾಡಿದ್ದೇನೆ."

ನಮಿತಾ ಅವರ ಮಗಳು. ಹುಟ್ಟಿದ್ದು, ಬೆಳೆದದ್ದು ಸೂರತ್ತಿನಲ್ಲಿ. ಕಾಲೇಜಿಗೆ ಹೋಗುತ್ತಾಳೆ, ಕನ್ನಡ ಅಷ್ಟಕ್ಕಷ್ಟೆ. ಅಜ್ಜ ನನಗೆ ಫೋನ್ ಮಾಡಿ ಸಾಕಾಗದೆ, ವಾರವಾರವೂ ಇವಳ ಹತ್ತಿರ ತಮ್ಮ ಹೆಸರು ಹಾಕಿ ಹುಡುಕಿಸುತ್ತಿದ್ದರಂತೆ. ನನಗದು ಗೊತ್ತಿರಲಿಲ್ಲ. ಶಕುಂತಲಕ್ಕನ ಹಿಂದೆ ಮೆಟ್ಟಿಲು ಹತ್ತಿದೆ.

ಅಜ್ಜ ಒಗೆದ ಅಂಗಿ ಹಾಕಿಕೊಂಡು ಕೂತಿದ್ದರು. ಈಚೆಗೆ ತುಂಬ ಇಳಿದುಹೋಗಿದ್ದರು. "ಬಾ, ಬಾ. ಹೇಳಿದ ಮಾತು ಉಳಿಸಿದಿ ನೀನು," ಅಂದರು. ಎದುರಿಗೆ ನಮಿತಾ ಲ್ಯಾಪ್‌ಟಾಪ್ ತೆರೆದಿಟ್ಟುಕೊಂಡಿದ್ದಳು.

"ನಮಿತಾ, ಈಗ ಬೇಡ. ನಾನು ಆಮೇಲೆ ಓದಿ ಹೇಳ್ತೀನಿ," ಅಂದೆ.

"ಓದ್ಲಿ ಬಿಡು," ಅಂದರು ಅಜ್ಜ. "ಶಕುಂತಲೆ, ನೀನೂ ಕೂತ್ಕೋ. ಕೇಳು."

ನಮಿತಾ ಇಂಗ್ಲಿಷಿನಲ್ಲಿ ಒಂದೊಂದು ಸಾಲು ಓದಿ, ತನಗೆ ಬಂದ ಕನ್ನಡದಲ್ಲಿ ಹೇಳತೊಡಗಿದಳು. ಬಾರ್ಕೂರು ಬಂತು, ಮೆಸ್ಸು ಬಂತು, ಕೊರಳಿಗೆ ರಟ್ಟು ಕಟ್ಟಿದ್ದು ಬಂತು. ಶಕುಂತಲಕ್ಕ ಸೆರಗಿನಿಂದ ಕಣ್ಣೊರೆಸಿಕೊಂಡು ಅಪ್ಪನ ಮೊಣಕಾಲ ಮೇಲೆ ಕೈಯಿಟ್ಟರು. ಅಜ್ಜ ಮುಂದಕ್ಕೆ ಬಾಗಿ ಕೇಳುತ್ತಿದ್ದರು. ನಾನು ಎದ್ದು ಲ್ಯಾಪ್‌ಟಾಪ್ ಮುಚ್ಚಬಹುದಿತ್ತು. ಕೂತೇ ಇದ್ದೆ.

"ಅಭೀ... ಈಗ ಅಜ್ಜ ಹೇಳ್ತಾರೆ, ಎಣ್ಣೆ ಡಬ್ಬ ನಾನೇ ತೆಗೆದೆ. ಚೋರಿ ಮೈಂನೇ... ನಾನು ಮಾಡಿದೆ." ನಮಿತಾ ನಿಲ್ಲಿಸಿ ಅಜ್ಜನ ಮುಖ ನೋಡಿದಳು. "ಅಜ್ಜಾ, ಹೀಗೇ ಬರೆದಿದೆ ಇಲ್ಲಿ."

ಶಕುಂತಲಕ್ಕ ಮೊಣಕಾಲಿನಿಂದ ಕೈ ತೆಗೆದರು. ಅಜ್ಜ ನನ್ನನ್ನೇ ನೋಡುತ್ತಿದ್ದರು.

ಹೇಳಿದೆ. ಎಲ್ಲವನ್ನೂ ಹೇಳಿದೆ. ಬೇರೆಯವರಿಗೆ ಬರೆದುಕೊಡುವ ಕೆಲಸ, ಜ್ವರ, ಮೂರು ಹೋಲಿಕೆ, ಮೂರು ವ್ಯತ್ಯಾಸ. "ಅಜ್ಜ ಕದ್ದಿಲ್ಲ ಅಕ್ಕ. ಅವರು ನನಗೆ ಹಾಗೆ ಹೇಳೇ ಇಲ್ಲ. ಆ ಸಾಲು ನಾನು ಸೇರಿಸಿದ್ದು. ನಾನು ಪಾಪಿ," ಅಂದೆ.

"ಒಂದು ವ್ಯತ್ಯಾಸ ಕಡಿಮೆ ಆಯ್ತು ಅಂತ ಯಾರಾದ್ರೂ ಒಬ್ಬ ಮನುಷ್ಯನನ್ನು ಕಳ್ಳ ಮಾಡ್ತಾರಾ?" ಅಂದರು ಶಕುಂತಲಕ್ಕ. ಬೈಗುಳವಲ್ಲ, ನಿಜವಾಗಿಯೂ ಅರ್ಥವಾಗದೆ ಕೇಳಿದ್ದು. "ಸುಳ್ಳು ಬರೆದೆ ಅಂತ ನೀನೇ ಹೇಳ್ತಿ. ಈಗ ಹೇಳುದು ಸತ್ಯ ಅಂತ ನಾನು ಹೇಗೆ ನಂಬುದು? ಅಪ್ಪನ ಮುಖ ನೋಡಿ ಸಮಾಧಾನಕ್ಕೆ ಹೇಳ್ತಾ ಇದ್ದೀಯೋ ಏನೋ."

ನಮಿತಾ ಒಳ್ಳೆಯ ಹುಡುಗಿ, ದಾರಿ ಹುಡುಕಿದಳು. "ಅಕ್ಕಾ, ನಿಮ್ಮ ಥೀಸಿಸ್‌ನಲ್ಲಿ ಸರಿ ಇದೆ ಅಲ್ವಾ? ಅದು ತೋರಿಸಿ. ಮಮ್ಮಿಗೆ ನಾನು ಓದಿ ಹೇಳ್ತೇನೆ."

"ಅದರಲ್ಲಿ ಅಜ್ಜನ ವಿಷಯ ಇಲ್ಲ," ಅಂದೆ. "ಇತ್ತು. ತೆಗೀತೀನಿ ಅಂತ ಇವತ್ತು ಬೆಳಿಗ್ಗೆ ಸಹಿ ಹಾಕಿ ಬಂದೆ."

ಕೆಳಗಿನಿಂದ ಯಾರೋ ಗಿರಾಕಿ ಚಾ ಕೇಳಿದ. ಶಕುಂತಲಕ್ಕ ಎದ್ದರು, ಆದರೆ ಹೋಗಲಿಲ್ಲ. ತಂದೆಯ ಎದುರಿಗೆ ಬಂದು ನಿಂತರು.

"ಅಪ್ಪ, ನೀವೇ ಹೇಳಿ. ತೆಗೆದದ್ದಾ, ಇಲ್ವಾ?"

ಅಜ್ಜನ ತುಟಿ ಅಲುಗಿತು. ಇಷ್ಟು ವರ್ಷ ಮಗಳ ಹತ್ತಿರ ಬಾಯಲ್ಲಿ ಹೇಳಲಾರೆ ಅಂತ ಇಟ್ಟುಕೊಂಡಿದ್ದ ಮಾತು. ಇಲ್ಲ ಅಂದುಬಿಡಿ ಅಜ್ಜ, ಅಂದುಬಿಡಿ ಅಂತ ನಾನು ಒಳಗೊಳಗೇ ಬೇಡಿಕೊಳ್ಳುತ್ತಿದ್ದೆ. ಅವರು ಮಗಳ ಮುಖದಲ್ಲಿ ನಂಬಿಕೆಯನ್ನು ಹುಡುಕಿದರು. ಅದು ಸಿಗಲಿಲ್ಲ ಅಂತ ನನಗೂ ಕಾಣಿಸಿತು.

"ಆ ದಿನ ಮೇಜಿನ ಮೇಲೆ ನಿಂತು ಇಲ್ಲ ಇಲ್ಲ ಅಂತ ಹೇಳಿದ್ದು ಸಾಕಾಗಿದೆ ನನಗೆ," ಅಂದರು. "ತೆಗೆದದ್ದು ಅಂತಲೇ ಇಟ್ಕೊ. ಹೋಗು, ಕೆಳಗೆ ಚಾ ಕೇಳ್ತಿದ್ದಾರೆ."