ಊರೆಲ್ಲ ಅತ್ತಿಮರದ ಬುಡದಲ್ಲಿ

ಸೆನೈಡಾ ಕಿರೋಸ್‌ಗೆ ಹೊಟ್ಟೆಕಿಚ್ಚು. ಅದನ್ನು ಸುತ್ತಿ ಬಳಸಿ ಹೇಳಿ ಪ್ರಯೋಜನವಿಲ್ಲ. ಕೋಸ್ಟರಿಕಾದ ಟುರಿಯಾಲ್ಬಾ ಊರಿನ ಆರೋಗ್ಯ ಸಹಕಾರ ಸಂಘದ ಕಚೇರಿಗೆ ಯೊರ್ಲೆನಿ ಎಂಬ ಹುಡುಗಿ ಬಂದು ಕೂತ ದಿನದಿಂದ ಅವಳಿಗೆ ಬೆಳಗಿನ ಕಾಫಿಯೂ ಗಂಟಲಲ್ಲಿ ಇಳಿಯುತ್ತಿರಲಿಲ್ಲ. ಕಾಫಿ ಬೆಳೆಯುವ ಟುರಿಯಾಲ್ಬಾದಲ್ಲಿ ಕಾಫಿ ಇಳಿಯದ ಗಂಟಲೆಂದರೆ ಅದು ಕಾಯಿಲೆಯೇ.

ಅಲ್ಲಿಯವರೆಗೆ ಸಂಘದ ಕಂಪ್ಯೂಟರ್ ಫಾರಂಗಳೆಲ್ಲ ಸೆನೈಡಾಳ ರಾಜ್ಯ. ಲಸಿಕೆಗೆ, ಕನ್ನಡಕಕ್ಕೆ, ಸದಸ್ಯತ್ವಕ್ಕೆ, ಎಲ್ಲಕ್ಕೂ ಅವಳೇ ಕಟ್ಟಿದ ಫಾರಂ. ಫಾರಂ ಕಟ್ಟುವ ತಂತ್ರಾಂಶವನ್ನು ಯಾವ ದೇಶದವರು ಮಾಡಿದ್ದರೋ, ಅವರ ಊರಲ್ಲಿ ಬೀದಿಗೊಂದು ಹೆಸರು, ಮನೆಗೊಂದು ನಂಬರು ಇರಬೇಕು. ವಿಳಾಸಕ್ಕೆಂದು ಒಂದು ಗೇಣು ಜಾಗ ಕೊಟ್ಟು ಕೈ ತೊಳೆದುಕೊಂಡಿದ್ದರು. ಕೋಸ್ಟರಿಕಾದವರ ವಿಳಾಸ ಅಷ್ಟರಲ್ಲಿ ಮುಗಿಯುತ್ತದೆಯೇ? 'ಹಳೇ ಅತ್ತಿಮರದಿಂದ ದಕ್ಷಿಣಕ್ಕೆ ಮುನ್ನೂರು ಮೀಟರು, ಅಲ್ಲಿಂದ ಪೂರ್ವಕ್ಕೆ ಐವತ್ತು, ಹಸಿರು ಮನೆ, ಕಪ್ಪು ಗೇಟು, ನಾಯಿ ಕಚ್ಚುವುದಿಲ್ಲ' ಎಂದೆಲ್ಲ ಬರೆಯಬೇಕು. ಆ ಅತ್ತಿಮರವನ್ನು ಕಡಿದು ಯಾವ ಕಾಲವಾಯಿತೋ, ಬುಡವೂ ಉಳಿದಿಲ್ಲ. ಆದರೂ ಆ ಬಡಾವಣೆಯಲ್ಲಿ ಪ್ರತಿ ಮನೆಯ ವಿಳಾಸವೂ ಆ ಮರದಿಂದಲೇ ಶುರು.

ಅದಕ್ಕೆ ಸೆನೈಡಾ ಒಂದರ ಕೆಳಗೊಂದು ಮೂರು ಖಾನೆ ಇಟ್ಟಳು. ಮೂರನ್ನೂ ಸೇರಿಸಿ ಒಂದು ಮಾಡುವ ನಾಲ್ಕನೆಯ ಖಾನೆಯನ್ನು ಯಾರ ಕಣ್ಣಿಗೂ ಬೀಳದಂತೆ ಬಚ್ಚಿಟ್ಟಳು. ಬಚ್ಚಿಟ್ಟ ಖಾನೆ ಖಾಲಿ ಇದ್ದರೆ 'ಕಳುಹಿಸಿ' ಎಂಬ ಗುಂಡಿ ಮುಷ್ಕರ ಹೂಡುತ್ತಿತ್ತು. ಎಷ್ಟು ಒತ್ತಿದರೂ ಹೂಂ ಇಲ್ಲ, ಉಹೂಂ ಇಲ್ಲ. ಅದಕ್ಕೆ ಅದರೊಳಗೆ ಮೊದಲೇ ಒಂದು ಚುಕ್ಕೆ ಇಟ್ಟಳು. ಬೇಡದ ಖಾನೆಯನ್ನು ಅಳಿಸಿದರೆ ಇನ್ನೆಲ್ಲೋ ಏನೋ ಕೆಡುತ್ತಿತ್ತು. ಹಾಗಾಗಿ ಅಳಿಸುವ ಗೋಜಿಗೇ ಹೋಗದೆ, ಯಾರಿಗೂ ತೆರೆದುಕೊಳ್ಳದ ಕೊನೇ ಪುಟಕ್ಕೆ ಎಳೆದು ಹಾಕುತ್ತಿದ್ದಳು. ಆ ಪುಟಕ್ಕೆ ಅವಳೇ 'ಸ್ಮಶಾನ' ಎಂದು ಹೆಸರಿಟ್ಟಿದ್ದಳು. ನೋಡುವುದಕ್ಕೆ ಹರಕು ಮುರುಕಾದರೂ ಕೆಲಸ ನಡೆಯುತ್ತಿತ್ತು. 'ಡೋನ್ಯಾ ಸೆನೈಡಾ ಇಲ್ದಿದ್ರೆ ನಮ್ ಗತಿ ಏನು' ಎಂದು ಕಚೇರಿಯವರು, ಹೆಸರಿಗೆ ಮರ್ಯಾದೆಯ 'ಡೋನ್ಯಾ' ಸೇರಿಸಿ, ಅನ್ನುತ್ತಿದ್ದರು. ಗಂಡ ಬಿಟ್ಟುಹೋದ ಮೇಲೆ ಅವಳು ಆ ಒಂದು ಮಾತಿನ ಮೇಲೆ ಬದುಕಿದ್ದಳು ಅಂದರೂ ನಡೆಯುತ್ತದೆ.

ಈಗ ಸಂಘದವರು ಹೊಸ ಯೋಜನೆ ತೆಗೆದರು. ಸಕ್ಕರೆ ಕಾಯಿಲೆಯಿಂದ ಕಾಲು ಹುಣ್ಣಾಗಿ ಹೊಸಿಲು ದಾಟಲಾಗದ ಮುದುಕರ ಮನೆಗೆ ನರ್ಸ್ ಹೋಗಿ ಪಟ್ಟಿ ಕಟ್ಟಿ ಬರುವುದು. ಅದರ ಫಾರಂ ಕೆಲಸವನ್ನು ಮ್ಯಾನೇಜರ್ ಡೋನ್ ಎವೆಲಿಯೊ ಯೊರ್ಲೆನಿಗೆ ಕೊಟ್ಟ. ಸೆನೈಡಾ ಎದುರಿಗೇ ಕೂತಿದ್ದಾಗ ಕೊಟ್ಟ.

ಯೊರ್ಲೆನಿ ರಾಜಧಾನಿ ಸಾನ್ ಹೊಸೆಯಲ್ಲಿ ಓದಿ ಬಂದವಳು. ಅವಳು ನಕ್ಕರೆ ಇಡೀ ಕಚೇರಿ ತಿರುಗಿ ನೋಡುತ್ತಿತ್ತು. ಅವಳ ಫಾರಂ ಒಂದೇ ಪುಟ. ತಿಳಿ ನೀಲಿ, ದೊಡ್ಡ ಅಕ್ಷರ. ಸ್ಮಶಾನವನ್ನು ಗುಡಿಸಿ ಎಸೆದಿದ್ದಳು, ಆದರೂ ಏನೂ ಕೆಟ್ಟಿರಲಿಲ್ಲ. ಅದನ್ನು ಹೇಗೆ ಮಾಡಿದಳೆಂದು ಕೇಳಲು ಸೆನೈಡಾಳ ನಾಲಿಗೆ ಏಳಲಿಲ್ಲ. ವಿಳಾಸದ ಜಾಗದಲ್ಲಿ ಪುಟ್ಟ ನಕ್ಷೆ. ಮನೆ ಹುಡುಕಿ ಅದರ ಮೇಲೆ ಗುರುತಿನ ಮೊಳೆ ನೆಟ್ಟರೆ ಮುಗಿಯಿತು.

"ನೋಡ್ರಪ್ಪಾ, ಇದು ಫಾರಂ ಅಂದ್ರೆ!" ಅಂದ ಡೋನ್ ಎವೆಲಿಯೊ. "ಕಣ್ಣಿಗೆ ತಂಪಾಗಿದೆ. ಇಷ್ಟು ದಿನ ನಾವು ಹಳೇ ಗುಜರಿ ಓಡಿಸ್ತಾ ಇದ್ವು."

ಸೆನೈಡಾಳ ಎದೆಗೆ ಕೊಳ್ಳಿ ಇಟ್ಟಂತಾಯಿತು.

"ಡೋನ್ಯಾ ಸೆನೈಡಾ, ನೀವೊಂದ್ ಸಲ ತುಂಬಿ ನೋಡ್ಬಿಡಿ," ಅಂದಳು ಯೊರ್ಲೆನಿ. "ನೀವು ಸರಿ ಅಂದ್ರೇನೇ ನಂಗೆ ಧೈರ್ಯ."

ನೋಡು, ಎಷ್ಟು ನಯ! ಬೆಣ್ಣೆ ಹಚ್ಚುವುದನ್ನೂ ಆ ಕಾಲೇಜಿನಲ್ಲೇ ಕಲಿಸುತ್ತಾರೇನೋ ಅಂದುಕೊಂಡಳು ಸೆನೈಡಾ. ಆದರೂ ತುಂಬಿದಳು. ತಾಯಿ ಎರ್ಮಿಡಾಳ ಹೆಸರನ್ನೇ ಹಾಕಿದಳು. ಆಕೆಯ ಎಡಗಾಲಿನ ಹುಣ್ಣೂ ವಾಸಿಯಾಗದೆ ಕಾಡುತ್ತಿತ್ತು. ನಕ್ಷೆಯ ಮೇಲಿದ್ದ ಹುಡುಕುವ ಖಾನೆಯಲ್ಲಿ, ಹುಟ್ಟಿದಂದಿನಿಂದ ಹೇಳಿಕೊಂಡು ಬಂದ ಹಾಗೆಯೇ 'ಹಳೇ ಅತ್ತಿಮರದಿಂದ' ಎಂದು ಶುರು ಮಾಡಿದಳು. ಅಷ್ಟಕ್ಕೇ ನಕ್ಷೆ ಒಂದು ನೆಗೆತ ನೆಗೆದು ಚೌಕದ ಮೂಲೆಯಲ್ಲಿ ಮೊಳೆ ನೆಟ್ಟಿತು. ಮರವಿದ್ದ ಜಾಗದಲ್ಲಿ ಈಗ 'ಅತ್ತಿಮರ' ಎಂಬ ಹೋಟೆಲಿದೆ. ಅದರ ನೆತ್ತಿಯ ಮೇಲೇ ನೆಟ್ಟಿತು. ಮುನ್ನೂರು ಮೀಟರು, ಹಸಿರು ಮನೆ, ಕಚ್ಚದ ನಾಯಿ, ಯಾವುದೂ ಅದಕ್ಕೆ ಬೇಕಾಗಲಿಲ್ಲ.

ಸೆನೈಡಾಗೆ ಆ ಗಳಿಗೆಯಲ್ಲೇ ಎಲ್ಲ ಹೊಳೆಯಿತು. ಆ ಬಡಾವಣೆಯ ಮುದುಕರೆಲ್ಲ ಹೀಗೆಯೇ ಬರೆಯುತ್ತಾರೆ, ಎಲ್ಲರ ಮೊಳೆಯೂ ಇಲ್ಲೇ ಬೀಳುತ್ತದೆ. ಒಂದು ಮಾತು ಆಡಿದರೆ ಸಾಕಿತ್ತು. ಬಾಯಿ ತೆರೆದೂ ತೆರೆದಳು.

"ಡೋನ್ಯಾ ಸೆನೈಡಾ ಇನ್ನೂ ತಪ್ಪು ಹುಡುಕ್ತಾ ಇದಾರೆ," ಎಂದು ಆಚೆ ಮೇಜಿನವನೊಬ್ಬ ನಗೆಯಾಡಿದ. ಡೋನ್ ಎವೆಲಿಯೊ ಕೂಡ ನಕ್ಕ.

ಅವಳು 'ಕಳುಹಿಸಿ' ಒತ್ತಿದಳು.

"ಚೆನ್ನಾಗಿದೆ," ಅಂದಳು. "ಏನೂ ತೊಂದ್ರೆ ಇಲ್ಲ. ಸೋಮವಾರಾನೇ ಜನಕ್ಕೆ ತೆರೀರಿ."

ಯೊರ್ಲೆನಿ ಓಡಿಬಂದು ಕೆನ್ನೆಗೆ ಮುತ್ತು ಕೊಟ್ಟಳು. ಕೆನ್ನೆಯ ಆ ಜಾಗ ಸಂಜೆಯವರೆಗೂ ಸುಡುತ್ತಿತ್ತು.

ಮುಂದಿನ ವಾರ ನರ್ಸನ್ನು ಕೂರಿಸಿಕೊಂಡು ಮೊದಲ ಸುತ್ತಿಗೆ ಹೋದ ಚಾಲಕ ವಿಲ್ಬರ್ತ್ ಬೆಳಗಿನಲ್ಲೇ ಫೋನ್ ಮಾಡಿದ. ಡೋನ್ ಎವೆಲಿಯೊ ಸ್ಪೀಕರ್ ಹಾಕಿದ.

"ಸಾರ್, ಇದೇನ್ ಕಥೆ? ಊರ್ ಮುದುಕ್ರೆಲ್ಲಾ ಒಂದೇ ಹೋಟ್ಲಲ್ಲಿ ಸಂಸಾರ ಮಾಡ್ತಿದಾರಾ? ಹನ್ನೊಂದನೇ ಮನೆ ಅಂತ ಬಂದೆ, ಮತ್ತೆ ಇಲ್ಲಿಗೇ ತಂದು ನಿಲ್ಸಿದೆ. ಹೋಟ್ಲಮ್ಮ ನನ್ ನೋಡಿ ನಗ್ತಾ ಇದಾಳೆ."

ಯೊರ್ಲೆನಿಯ ಮುಖ ಬಿಳಿಚಿಕೊಂಡಿತು. ಸೆನೈಡಾ ಫೈಲೊಂದನ್ನು ಎತ್ತಿ ಮುಖಕ್ಕೆ ಅಡ್ಡ ಹಿಡಿದಳು, ನಗು ಕಾಣಬಾರದಲ್ಲ. ಎಷ್ಟೋ ವಾರಗಳ ನಂತರ ಅವತ್ತು ಅವಳಿಗೆ ಕಾಫಿ ರುಚಿಸಿತು. ಕಾಲು ನೀಡಿಕೊಂಡು ಬಾಗಿಲು ನೋಡುತ್ತ ಕೂತ ಮುದುಕರ ನೆನಪು ಬಾರದಿರಲಿಲ್ಲ. ಬಂದದ್ದನ್ನು ಆಚೆ ತಳ್ಳಿದಳು. ತಾಯಿಯ ಪಟ್ಟಿಯನ್ನು ಹೇಗಿದ್ದರೂ ತಾನೇ ದಿನಾ ಕಟ್ಟುತ್ತಿದ್ದಳಲ್ಲ.

ಈಗ ಹುಡುಗಿ ಅಳುತ್ತಾಳೆ, ಡೋನ್ ಎವೆಲಿಯೊ ತನ್ನ ಕಡೆ ತಿರುಗಿ 'ಡೋನ್ಯಾ ಸೆನೈಡಾ, ಕಾಪಾಡಿ' ಅನ್ನುತ್ತಾನೆ ಎಂದು ಕಾದಳು. ಹುಡುಗಿ ಅಳಲಿಲ್ಲ. ಕೊಡೆ ಎತ್ತಿಕೊಂಡು, "ಸಾರ್, ನಾನೇ ಹೋಗ್ತೀನಿ. ಮನೆ ಗೊತ್ತಿರೋರು ಅಲ್ಲೇ ಇರ್ತಾರಲ್ಲ," ಎಂದವಳೇ ಬಸ್ಸಿಗೆ ಓಡಿದಳು.

ಹೋದವಳು ಆ ಹೋಟೆಲಿನಲ್ಲೇ ಠಿಕಾಣಿ ಹೂಡಿದಳಂತೆ. ಒಂದೊಂದೇ ಹೆಸರು ಕೂಗಿದಳಂತೆ. ಅನ್ನಕ್ಕೆ ಕಾಳು ಕಲಸಿದ ಗಾಯೊ ಪಿಂಟೊ ತಿನ್ನುತ್ತಿದ್ದವರೆಲ್ಲ ತಟ್ಟೆ ಬಿಟ್ಟು ಎದ್ದು, "ಓ, ಡೋನ್ ಹೆನಾರೊನಾ? ಬಾ ತೋರಿಸ್ತೀನಿ," ಎಂದು ಮುಂದೆ ಮುಂದೆ ನಡೆದರಂತೆ. ಇದನ್ನೆಲ್ಲ ವಿಲ್ಬರ್ತ್ ಸಂಜೆ ಬಂದು ಬಣ್ಣ ಕಟ್ಟಿ ಹೇಳಿದ. ಒಂದು ಮನೆಯೂ ಬಿಟ್ಟಿರಲಿಲ್ಲ. ಗಾಡಿಯ ಹಿಂದಿನ ಸೀಟಿನ ತುಂಬ ಜನ ಕೊಟ್ಟ ಬಾಳೆಗೊನೆ, ಎಲೆಯಲ್ಲಿ ಸುತ್ತಿ ಬೇಯಿಸಿದ ತಮಾಲ್ ಕಡುಬು, ಒಂದು ಜೀವಂತ ಕೋಳಿ.

"ಯೊರ್ಲೆನಿ ಯಾವಾಗ ಬರ್ತಾಳೆ ಮತ್ತೆ ಅಂತ ಎಲ್ರೂ ಕೇಳ್ತಿದಾರೆ," ಅಂದ ವಿಲ್ಬರ್ತ್. "ನರ್ಸ್ ಯಾವಾಗ ಅಂತ ಒಬ್ರೂ ಕೇಳ್ಲಿಲ್ಲ!"

ಡೋನ್ ಎವೆಲಿಯೊ ಹುಡುಗಿಯನ್ನು ತಲೆ ಮೇಲೆ ಹೊತ್ತು ಮೆರೆಸುವುದೊಂದು ಬಾಕಿ. ಸೆನೈಡಾ ಚೀಲ ಎತ್ತಿಕೊಂಡು ಯಾರಿಗೂ ಹೇಳದೆ ಹೊರಟಳು. ತಾನೇ ತೋಡಿದ ಗುಂಡಿ, ಅದರಲ್ಲಿ ಆ ಹುಡುಗಿಗೆ ನಿಧಿ ಸಿಕ್ಕಿತ್ತು.

ಮನೆಯಲ್ಲಿ ತಾಯಿ ಎರ್ಮಿಡಾ ಹೊಸ ಬಿಳೀ ಪಟ್ಟಿ ಸುತ್ತಿದ ಕಾಲನ್ನು ಸ್ಟೂಲಿನ ಮೇಲೆ ಪ್ರದರ್ಶನಕ್ಕಿಟ್ಟುಕೊಂಡು ಕೂತಿದ್ದಳು.

"ಬಂದ್ಯೇನೇ? ನಿಮ್ ಆಫೀಸ್ ಹುಡುಗಿ ಬಂದಿದ್ಲು ಕಣೆ. ಬಂಗಾರದಂಥ ಹುಡುಗಿ! ನಾಯಿ ಕೂಡ ಅವ್ಳ ತೊಡೆ ಮೇಲೆ ಮಲಗ್ತು. ಇಂಥವ್ಳನ್ನ ಒಂದಿನ ಆದ್ರೂ ಮನೆಗೆ ಕರ್ಕೊಂಡ್ ಬಂದ್ಯಾ ನೀನು?"

"ಅವಳ್ಯಾಕೆ ಇಲ್ಲಿಗೆ ಬಂದ್ಲು?" ಅಂದಳು ಸೆನೈಡಾ. ಪರೀಕ್ಷೆಗೆಂದು ತುಂಬಿದ್ದನ್ನು ಅಳಿಸಿರಲಿಲ್ಲವೆಂದು ಅವಳಿಗೆ ಆಗ ನೆನಪಾಯಿತು.

"ಪಟ್ಟೀಲಿ ಮೊದಲ್ನೇ ಹೆಸರೇ ನಂದಂತೆ! 'ನಿಮ್ ಮಗಳು ಎಲ್ರಿಗಿಂತ ಮುಂಚೆ ನಿಮ್ ಹೆಸರು ಹಾಕಿದಾರೆ ಅಜ್ಜಿ, ಅಷ್ಟು ಪ್ರೀತಿ ನಿಮ್ಮೇಲೆ' ಅಂದ್ಲು." ಮುದುಕಿಯ ಕಣ್ಣು ತುಂಬಿತ್ತು. "ನೀನು ಬಾಯ್ಬಿಟ್ಟು ಹೇಳೋಳೇ ಅಲ್ಲ. ಅವ್ಳು ಹೇಳಿದ್ಲು ಅಂತ ತಿಳೀತು."

ಸೆನೈಡಾ ಅಡುಗೆಮನೆಗೆ ಹೋಗಿ ನಲ್ಲಿ ತಿರುಗಿಸಿದಳು. ಮೊದಲ ಹೆಸರು ಎಂದು ಯೊರ್ಲೆನಿಗೆ ಗೊತ್ತಾಗಿದೆ ಅಂದರೆ ಯಾವ ದಿನ ತುಂಬಿದ್ದು, ಅವತ್ತು ಮೊಳೆ ಎಲ್ಲಿ ಬಿದ್ದಿತ್ತು ಎಂಬುದೂ ಗೊತ್ತಾಗಿದೆ.

ಮರುದಿನ ಯೊರ್ಲೆನಿ ಕುರ್ಚಿ ಎಳೆದುಕೊಂಡು ಅವಳ ಪಕ್ಕ ಕೂತಳು. ಸುತ್ತ ಯಾರೂ ಇರಲಿಲ್ಲ.

"ಡೋನ್ಯಾ ಸೆನೈಡಾ, ನೀವು ತುಂಬಿದಾಗ್ಲೂ ಮೊಳೆ ಹೋಟ್ಲ ಮೇಲೇ ಬಿದ್ದಿತ್ತು," ಅಂದಳು ತಗ್ಗಿದ ದನಿಯಲ್ಲಿ.

ಸೆನೈಡಾ ಪರದೆಯಿಂದ ಕಣ್ಣು ಕೀಳಲಿಲ್ಲ. "ಡೋನ್ ಎವೆಲಿಯೊಗೆ ಹೇಳಿದ್ಯಾ?"

"ಇಲ್ಲ."

"ಯಾಕೆ? ಹೇಳು ಹೋಗು. ಹೇಳಿ ಮುಗಿಸ್ಬಿಡು."

"ಅಷ್ಟೂ ಮನೆ ಅಲೆದು ಕಾಲು ಬಿದ್ದೋಗಿದೆ. ಮತ್ತೊಂದ್ ಸಲ ಆಗೋಲ್ಲ ನನ್ ಕೈಲಿ," ಅಂದಳು ಯೊರ್ಲೆನಿ. ಅವಳು ನಗುತ್ತಿರಲಿಲ್ಲ. "ಕೋಪ ಬಂದಿತ್ತು ನಂಗೆ, ಸುಳ್ಳು ಯಾಕೆ ಹೇಳ್ಲಿ. ನಿಮ್ಮ ಅಮ್ಮನ್ನ ನೋಡಿದ್ಮೇಲೆ ಹೇಳೋಕೆ ಮನಸ್ಸಾಗ್ಲಿಲ್ಲ. ನಿಮ್ಮ ಆ ಮೂರು ಖಾನೆ ವಾಪಸ್ ಹಾಕೋಣ. ಮೂರನ್ನೂ ಸೇರ್ಸಿ ಹೊಲಿಯೋದು ಹೇಗೆ ಅಂತ ತೋರ್ಸಿ."

ಬೈದಿದ್ದರೆ ಬದುಕಿಕೊಳ್ಳುತ್ತಿದ್ದಳು. ನಾಲ್ಕು ಜನರ ಎದುರು ಮಾನ ತೆಗೆದಿದ್ದರೆ ಈ ಹುಡುಗಿಯನ್ನು ಜೀವಮಾನವಿಡೀ ನೆಮ್ಮದಿಯಾಗಿ ದ್ವೇಷಿಸಬಹುದಿತ್ತು. ಅದನ್ನೂ ಕಿತ್ತುಕೊಂಡಳಲ್ಲ, ಅನ್ನಿಸಿತು ಸೆನೈಡಾಗೆ. ಮೌಸ್ ಹಿಡಿದು ಮೂರು ಖಾನೆ ಇಟ್ಟಳು, ಬಚ್ಚಿಡುವ ನಾಲ್ಕನೆಯದನ್ನಿಟ್ಟಳು, ಒಳಗೆ ಚುಕ್ಕೆ ಹಾಕಿದಳು. ನೀಲಿ ಫಾರಂನ ಹೊಟ್ಟೆಯಲ್ಲಿ ಅವಳ ಹಳೇ ಗುಜರಿ ಚೆನ್ನಾಗಿಯೇ ಕೂತಿತು. ಮೇಲೆ ಎಂದಿನಂತೆ 'ವಿಳಾಸ: ಸಾಲು ಒಂದು, ಸಾಲು ಎರಡು, ಸಾಲು ಮೂರು' ಎಂದು ಬರೆದಳು.

"ಒಂದ್ನಿಮಿಷ," ಎಂದ ಯೊರ್ಲೆನಿ ಬಾಗಿ, ಆ ಸಾಲುಗಳನ್ನು ಅಳಿಸಿ, ಬೇರೆ ಒಂದನ್ನು ಬರೆದಳು: 'ನಿಮ್ಮ ಮನೆಗೆ ದಾರಿ ಕೇಳಿದವರಿಗೆ ಹೇಗೆ ಹೇಳುತ್ತೀರೋ, ಹಾಗೆಯೇ ಬರೆಯಿರಿ.'

ಸೆನೈಡಾ ಅದನ್ನು ಎರಡೆರಡು ಸಲ ಓದಿದಳು. ಇಷ್ಟು ವರ್ಷ ಇಷ್ಟೊಂದು ಫಾರಂ ಕಟ್ಟಿದರೂ ಅವಳಿಗೆ ಆ ಮಾತು ಹೊಳೆದಿರಲಿಲ್ಲ.

"ಸರಿ ಇದೆಯಾ?" ಎಂದು ಕೇಳಿದಳು ಯೊರ್ಲೆನಿ.

"ಸರಿ ಇದೆ," ಅಂದಳು ಸೆನೈಡಾ. ಈ ಸಲ ಅದು ನಿಜವಾಗಿತ್ತು, ಅದಕ್ಕೇ ಮೊದಲಿಗಿಂತ ಹೆಚ್ಚು ಹೊಟ್ಟೆ ಉರಿಯಿತು.