ವಾಲ್ಟರ್ ಪಾಬ್ಜಾಯ್ ಗುರುತು

ಯಾರಿಗೆ ಯಾವ ಲಾಂಛನವೆಂದು ದಾಖಲೆ ಇಡುವ ಲಂಡನ್ನಿನ ವಂಶಲಾಂಛನ ಕಚೇರಿಯಲ್ಲಿ ಮೂವತ್ತು ವರ್ಷ ಅಧಿಕಾರಿಯಾಗಿದ್ದರೂ ‘ಇದು ನಿಮ್ಮದಲ್ಲ’ ಎಂದು ಹೇಳುವುದು ಆಂಬ್ರೋಸ್ ಪೆನ್‌ಫೋಲ್ಡರಿಗೆ ಇನ್ನೂ ಕಷ್ಟವಾಗುತ್ತಿತ್ತು. ಅಂದು ಎದುರಿಗೆ ಕೂತಿದ್ದ ವೃದ್ಧೆ ಎಡ್ನಾ ಪಾಬ್ಜಾಯ್, ಸಮುದ್ರತೀರದ ಅಂಗಡಿಯಲ್ಲಿ ಕೊಂಡ ಪಿಂಗಾಣಿ ಲೋಟ ತಂದಿದ್ದರು. ಅದರ ಮೇಲೆ ಅವರ ಮನೆತನದ ಹೆಸರೂ ಒಂದು ಕೆಂಪು ಸಿಂಹವೂ ಇದ್ದವು. ತೀರಿಹೋದ ಗಂಡ ವಾಲ್ಟರರ ಗೋರಿಕಲ್ಲಿನ ಮೇಲೆ ಆ ಸಿಂಹವನ್ನು ಕೆತ್ತಿಸಬೇಕೆಂದು ಅವರಿಗೆ ಆಸೆ.

ಪೆನ್‌ಫೋಲ್ಡ್ ದಫ್ತರಗಳನ್ನು ನೋಡಿ ಬಂದು ಮೆಲ್ಲಗೆ ಹೇಳಿದರು: “ಈ ಸಿಂಹ ಬೇರೊಬ್ಬ ಪಾಬ್ಜಾಯ್ ವಂಶದ್ದು, ಮೇಡಂ. ಲಾಂಛನ ಕೊಡೋದು ಒಬ್ಬ ಮನುಷ್ಯನಿಗೆ. ಅವನ ಮಕ್ಕಳು ಮೊಮ್ಮಕ್ಕಳಿಗೆ ಬರುತ್ತೆ. ಅದೇ ಹೆಸರಿರೋರಿಗೆಲ್ಲ ಬರಲ್ಲ.”

“ಹಾಗಾದ್ರೆ ಸಿಂಹ ನಮ್ದಲ್ಲ. ಹೋಗ್ಲಿ ಬಿಡಿ, ನಮ್ಮ ವಾಲ್ಟರ್ ಪಕ್ಕದ್ಮನೆ ಬೆಕ್ಕಿಗೇ ಹೆದರ್ತಿದ್ರು.” ನಗುತ್ತಲೇ ಎಡ್ನಾರ ಕಣ್ಣು ತುಂಬಿತು.

“ಏನ್ ಕೆಲಸ ಮಾಡ್ತಿದ್ರು?”

“ಬಸ್ ಡ್ರೈವರ್, ಸರ್. ಯಾರಾದ್ರೂ ಓಡಿ ಬರ್ತಿದ್ರೆ ನಿಲ್ಲಿಸ್ಕೊಂಡು ಕಾಯೋರು. ಅದಕ್ಕೇ ದಿನಾ ಬೈಸ್ಕೊಳ್ಳೋರು.”

“ಕಸುಬಿನ ಗುರುತು ಕೆತ್ತಿಸೋಕೆ ನಮ್ಮ ಅಪ್ಪಣೆ ಬೇಡ, ಮೇಡಂ.” ಪೆನ್‌ಫೋಲ್ಡ್, ಪ್ರಭುಗಳ ಲಾಂಛನದ ಗುರಾಣಿ ಬರೆಯುವ ಕುಂಚದಿಂದಲೇ ಒಂದು ಸ್ಟೀರಿಂಗ್ ಚಕ್ರ ಬರೆದುಕೊಟ್ಟರು.

ಎಡ್ನಾ ಕನ್ನಡಕ ಏರಿಸಿ ನೋಡಿದರು. “ಹಾರ್ನ್ ಬಿಟ್ಬಿಟ್ರಲ್ಲ, ಸರ್!”

ಪೆನ್‌ಫೋಲ್ಡ್ ಕ್ಷಮೆ ಕೇಳಿ ಮತ್ತೆ ಕುಂಚ ಅದ್ದಿದರು.