ಮೂರು ಸಲ ಕೇಳುವ ಊರು

ನನಗೆ ಇಂಗ್ಲಿಷ್ ಬರುವುದಿಲ್ಲ ಎಂದು ಯಾರಾದರೂ ಅಂದರೆ ಈಗಲೂ ಮೈಯೆಲ್ಲ ಉರಿಯುತ್ತದೆ. ಓದಲು ಬರುತ್ತದೆ, ಬರೆಯಲು ಬರುತ್ತದೆ. ಮೈಸೂರಿನ ಕನ್ನಡ ಶಾಲೆಯಲ್ಲಿ ಹನ್ನೆರಡು ವರ್ಷ ಒಂದನೇ ಕ್ಲಾಸಿನ ಮಕ್ಕಳಿಗೆ ಪಾಠ ಹೇಳಿದವಳು ನಾನು, ಭುವನೇಶ್ವರಿ ಟೀಚರ್. ಬಾಯಿ ತೆರೆದಾಗ ಮಾತ್ರ ಇಂಗ್ಲಿಷ್ ಗಂಟಲಲ್ಲೇ ಕೂತುಬಿಡುತ್ತದೆ. ಅಮೆರಿಕದ ಸ್ಯಾನ್ ಹೊಸೆಯ ಎವರ್‌ಗ್ರೀನ್ ಬಡಾವಣೆಗೆ ಬಂದು ಎಂಟು ವರ್ಷವಾಯಿತು. ಡಾಕ್ಟರ ಹತ್ತಿರ, ಬ್ಯಾಂಕಿನಲ್ಲಿ, ಮಗಳ ಸ್ಕೂಲಿನಲ್ಲಿ ನನ್ನ ಪರವಾಗಿ ಮಾತಾಡುತ್ತಿದ್ದದ್ದು ನನ್ನ ಗಂಡ ಯೋಗಾನಂದ; ಅವರಿಲ್ಲದಿದ್ದರೆ ಮಗಳು ಶರಣ್ಯಾ. ನಾನು ಪಕ್ಕದಲ್ಲಿ ನಗುತ್ತಾ ನಿಂತಿರುತ್ತಿದ್ದೆ. ಹೀಗೆ ನಕ್ಕು ನಕ್ಕು ಸಾಕಾಗಿ, ಹೋದ ವರ್ಷ ಮನೆಯಿಂದ ಒಂದು ಬಸ್ಸಿನ ದೂರದಲ್ಲಿದ್ದ, ದೊಡ್ಡವರಿಗೆ ಇಂಗ್ಲಿಷ್ ಕಲಿಸುವ ಅಡಲ್ಟ್ ಸ್ಕೂಲಿಗೆ ಸೇರಿದೆ.

ಮಂಗಳವಾರ ಮತ್ತು ಗುರುವಾರ ಕ್ಲಾಸು. ಪಾಠ ಹೇಳುವವರು ಮಿಸ್ ಕ್ಯಾರೊಲ್. ಅರವತ್ತು ದಾಟಿದ ಹೆಂಗಸು, ಯಾವಾಗಲೂ ಕ್ಯಾನ್ವಾಸ್ ಶೂ, ಕೊರಳಲ್ಲಿ ಕನ್ನಡಕ. ನಮ್ಮ ಕ್ಲಾಸಿನಲ್ಲಿ ಕನ್ನಡದವರು ಇಬ್ಬರು: ನಾನು ಮತ್ತು ವಿಜಯಪುರದ ನೀಲಾಬಾಯಿ. ನೀಲಾಬಾಯಿ ಮಗಳ ಬಾಣಂತನಕ್ಕೆ ಬಂದು ಇಲ್ಲೇ ನೆಲೆ ನಿಂತವರು. ನಾನು ಟೀಚರಾಗಿದ್ದೆ ಎಂದು ತಿಳಿದ ದಿನದಿಂದ ನನ್ನನ್ನು 'ಅಕ್ಕೋರ' ಎಂದೇ ಕರೆಯುತ್ತಾರೆ. ಅವರ ಕಡೆ ಶಾಲೆಯಲ್ಲಿ ಕಲಿಸುವ ಹೆಂಗಸರನ್ನು ಹಾಗೆ ಕರೆಯುವುದಂತೆ. ಅಮೆರಿಕದಲ್ಲಿ ನನ್ನನ್ನು ಟೀಚರು ಎಂದು ಒಪ್ಪಿಕೊಂಡವರು ಅವರೊಬ್ಬರೇ, ಹಾಗಾಗಿ ಅವರು ಎಷ್ಟು ತಲೆ ತಿಂದರೂ ನಾನು ಸಹಿಸಿಕೊಳ್ಳುತ್ತೇನೆ.

ನಮ್ಮ ಕ್ಲಾಸಿನ ಪಕ್ಕದಲ್ಲೇ ಮಕ್ಕಳ ರೂಮು. ತಾಯಂದಿರು ಇಂಗ್ಲಿಷ್ ಕಲಿಯುವಷ್ಟು ಹೊತ್ತು ಮಕ್ಕಳು ಅಲ್ಲಿರುತ್ತವೆ. ಒಂದು ಮಂಗಳವಾರ ಗೋಡೆಯ ಆಚೆ ಒಂದು ಮಗು ಅಳಲು ಶುರುಮಾಡಿತು. ಹತ್ತು ನಿಮಿಷವಾಯಿತು, ಹದಿನೈದಾಯಿತು. ಆ ರೂಮಿನಲ್ಲಿ ಮಕ್ಕಳನ್ನು ನೋಡಿಕೊಳ್ಳುವ ಹುಡುಗಿಗೆ ಅದನ್ನು ಎತ್ತಿಕೊಂಡು ಓಡಾಡುವುದು ಬಿಟ್ಟು ಬೇರೇನೂ ತಿಳಿಯದು. ನನಗೆ ತಡೆಯಲಾಗಲಿಲ್ಲ. ಮಿಸ್ ಕ್ಯಾರೊಲ್ ಬೋರ್ಡಿನ ಮೇಲೆ ಬರೆಯುತ್ತಿದ್ದಾಗಲೇ ಎದ್ದು ಹೋದೆ.

ಅಳುವ ಮಗುವಿನ ಮುಖ ನೋಡಬಾರದು. ಇದು ನನ್ನ ಹನ್ನೆರಡು ವರ್ಷದ ವಿದ್ಯೆ. ಅದಕ್ಕೆ ಬೆನ್ನು ಹಾಕಿ ನೆಲದ ಮೇಲೆ ಕೂತು, ಮರದ ಇಟ್ಟಿಗೆಗಳನ್ನು ಒಂದರ ಮೇಲೊಂದು ಬೇಕೆಂದೇ ವಾರೆ ವಾರೆಯಾಗಿ ಜೋಡಿಸತೊಡಗಿದೆ. ಬಿದ್ದವು. 'ಅಯ್ಯೋ' ಎಂದೆ. ಮತ್ತೆ ಜೋಡಿಸಿದೆ, ಮತ್ತೆ ಬಿದ್ದವು. ಅಳು ಸಣ್ಣದಾಯಿತು. ಮೂರನೆಯ ಸಲಕ್ಕೆ ಆ ಪುಟ್ಟ ಹುಡುಗಿ ನನ್ನ ಪಕ್ಕ ಬಂದು ಕೂತು, ಮೂಗು ಸುರಿಸಿಕೊಂಡೇ ನನ್ನ ಇಟ್ಟಿಗೆ ಸರಿಮಾಡಿದಳು. ಇನ್ನೂ ನಾಲ್ಕು ಮಕ್ಕಳು ಸುತ್ತ ಬಂದು ಕೂತವು. ತಲೆಯೆತ್ತಿದರೆ ಬಾಗಿಲಲ್ಲಿ ಮಿಸ್ ಕ್ಯಾರೊಲ್ ನಿಂತಿದ್ದರು. ಎಂಟು ವರ್ಷಗಳಲ್ಲಿ ಅಷ್ಟು ಸಂತೋಷ ನನಗೆ ಇನ್ಯಾವತ್ತೂ ಆಗಿರಲಿಲ್ಲ.

ಕ್ಲಾಸು ಮುಗಿದ ಮೇಲೆ ಅವರು ನನ್ನನ್ನು ನಿಲ್ಲಿಸಿದರು. ಮಕ್ಕಳ ರೂಮಿನ ಹುಡುಗಿ ಕೆಲಸ ಬಿಡುತ್ತಿದ್ದಾಳಂತೆ. ವಾರಕ್ಕೆ ನಾಲ್ಕು ದಿನ, ಬೆಳಗ್ಗೆ ಏಳೂವರೆಯಿಂದ. "ವುಡ್ ಯು ಲೈಕ್ ದಿಸ್ ಜಾಬ್, ಭುವಾನಾ?" ಎಂದರು. ಕೆಲಸ ಮಾಡಲು ಸರ್ಕಾರದ ಅನುಮತಿ ನನಗೆ ಸಿಕ್ಕಿ ಆಗಲೇ ವರ್ಷವಾಗಿತ್ತು. ನಾನು ಮುಖದ ತುಂಬ ನಗುತ್ತಾ, ಒಂದಿಷ್ಟೂ ತಡವರಿಸದೆ ಹೇಳಿದೆ:

"ನೋ, ನೋ. ಥ್ಯಾಂಕ್ ಯು."

ನಮ್ಮ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಕೇಳಿದ ತಕ್ಷಣ ಬೇಕು ಎನ್ನುವುದು ಹಪಾಹಪಿ. ಮೊದಲನೆಯ ಬೇಡ ಮರ್ಯಾದೆಗೆ, ಎರಡನೆಯದು ಸಂಕೋಚಕ್ಕೆ. ಮೂರನೆಯ ಸಲ ಕೇಳಿದಾಗ 'ನೀವು ಇಷ್ಟು ಹೇಳ್ತೀರಲ್ಲ' ಎಂದು ಒಪ್ಪಿಕೊಳ್ಳುವುದು. ಪಂಕ್ತಿಯಲ್ಲಿ ಎಲೆಯ ಮೇಲೆ ಎರಡೂ ಕೈ ಅಡ್ಡ ಹಿಡಿದವರಿಗೇ ಹೆಚ್ಚು ಹೋಳಿಗೆ ಬೀಳುವುದು. ನಮ್ಮಮ್ಮನಂತೂ ನಾಲ್ಕು ಸಲ ಕೇಳುತ್ತಿದ್ದಳು. ನಾನು ಹುಟ್ಟಿದಾಗಿನಿಂದ ಬೇಡ ಎನ್ನುತ್ತಲೇ ಬೇಕಾದ್ದನ್ನೆಲ್ಲ ಪಡೆದವಳು.

"ಓಕೆ. ನೋ ಪ್ರಾಬ್ಲಮ್," ಎಂದು ಮಿಸ್ ಕ್ಯಾರೊಲ್ ಬೋರ್ಡು ಒರೆಸಲು ತಿರುಗಿದರು.

ನಾನು ಕಾದೆ. ಕೈಯಲ್ಲೇ ಬಸ್ಸಿನ ಕಾರ್ಡು ಹಿಡಿದುಕೊಂಡು ಅದನ್ನೇ ಬ್ಯಾಗಿನಲ್ಲಿ ಹುಡುಕುವಂತೆ ನಟಿಸಿದೆ. ಕುರ್ಚಿಗಳನ್ನು ಸರಿಯಾಗಿ ಜೋಡಿಸಿದೆ. ಅವರು ಬೀರುವಿಗೆ ಬೀಗ ಹಾಕಿದರು, ದೀಪ ಆರಿಸಿದರು, "ಸೀ ಯು ಥರ್ಸ್‌ಡೇ" ಎಂದು ಕಾರು ಹತ್ತಿ ಹೊರಟೇಹೋದರು.

ಬಸ್ಸಿನಲ್ಲಿ ಕೂತಾಗ ಸಿಟ್ಟು ನೆತ್ತಿಗೇರಿತು. ಎಂಥ ಒಣ ಜನ! ಮನುಷ್ಯರನ್ನು ಒಂದೇ ಸಲ ಕೇಳಿ ಬಿಟ್ಟುಬಿಡುವುದೇ? ಮನೆಗೆ ಬಂದು ಶರಣ್ಯಾಗೆ ಹೇಳಿದೆ. ಅವಳಿಗೆ ಹದಿನೈದು. ಕನ್ನಡ ಪೂರ್ತಿ ಅರ್ಥವಾಗುತ್ತದೆ, ಉತ್ತರ ಮಾತ್ರ ಇಂಗ್ಲಿಷಿನಲ್ಲಿ.

"ಬಟ್ ಅಮ್ಮಾ, ಯು ಸೆಡ್ ನೋ."

"ಒಂದು ಸಲ ತಾನೇ ಅಂದಿದ್ದು?"

"ಡು ಯು ವಾಂಟ್ ಇಟ್?"

"ನಂಗೇನೂ ಅಂಥ ಆಸೆ ಇಲ್ಲಪ್ಪ," ಎಂದುಬಿಟ್ಟೆ. ಅವಳು ಭುಜ ಕುಣಿಸಿ ರೂಮಿಗೆ ಹೋದಳು. ಬೇಳೆ ತೊಳೆಯುತ್ತಾ ಅಡುಗೆಮನೆಯಲ್ಲಿ ಒಬ್ಬಳೇ ಕಣ್ಣೊರೆಸಿಕೊಂಡೆ. ಆ ಕೆಲಸ ನನಗೆ ಬೇಕಿತ್ತು. ತುಂಬಾ ಬೇಕಿತ್ತು.

ಗುರುವಾರ ಬೆಳಗ್ಗೆ ಬಸ್ಸಿಳಿದು ಸ್ಕೂಲಿನ ಕಡೆ ನಡೆಯುವಾಗ ನೀಲಾಬಾಯಿಗೆ ಎಲ್ಲ ಹೇಳಿ, ಮಿಸ್ ಕ್ಯಾರೊಲ್‌ಗೆ ಚೆನ್ನಾಗಿ ಬೈದೆ. ನೀಲಾಬಾಯಿ ನಡುರಸ್ತೆಯಲ್ಲೇ ನಿಂತು ನಕ್ಕರು.

"ನಾನೂ ಹಂಗ ಮಾಡೀನ್ರಿ ಅಕ್ಕೋರ. ಬಂದ ಹೊಸದಾಗ ಬಾಜೂ ಮನಿಯ ಅಮೆರಿಕದವ್ರು ಊಟಕ್ಕ ಕರದಿದ್ರು. ಎರಡನೇ ಸಲ ನೀಡಾಕ ಬಂದ್ರು, ಬ್ಯಾಡ ಅಂದೆ. ತಗೊಂಡು ಹೋಗೇಬಿಟ್ರು! ಹಸಿವು ತಡೀಲಾರದ ಮನಿಗೆ ಬಂದು ಅನ್ನ ಮಾಡ್ಕೊಂಡು ಉಂಡೆ."

"ಮತ್ತೆ? ಸಿಟ್ಟು ಬರಲಿಲ್ವಾ ನಿಮಗೆ?"

"ಬಂತ್ರಿ. ಆಮ್ಯಾಲ ತಿಳೀತು. ಮಂದಿ ಕೆಟ್ಟವರಲ್ಲ. ನಾವು ಹೇಳಿದ್ದನ್ನ ಖರೇ ಅಂತ ನಂಬ್ತಾರ, ಅಷ್ಟ. ಬೇಕಂದ್ರ ಹೋಗಿ ಬೇಕು ಅನ್ರಿ. ನಾಚಿಕಿ ಏನದ ಅದರಾಗ?"

ನಾಚಿಕೆಯೇ ಇದ್ದದ್ದು. ಕ್ಲಾಸಿನಲ್ಲಿ ಒಂದಕ್ಷರವೂ ತಲೆಗೆ ಹತ್ತಲಿಲ್ಲ. ಮಿಸ್ ಕ್ಯಾರೊಲ್‌ರ ಮೇಜಿನ ಮೇಲೆ ಆ ಕೆಲಸದ ನೋಟೀಸು ಪ್ರಿಂಟಾಗಿ ಕೂತಿತ್ತು. ಇನ್ನು ಅದನ್ನು ಹೊರಗಿನ ಬೋರ್ಡಿಗೆ ಚುಚ್ಚುವುದೊಂದೇ ಬಾಕಿ. ಕ್ಲಾಸು ಮುಗಿದದ್ದೇ ಅವರು ಅದನ್ನೂ ಪಿನ್ನಿನ ಡಬ್ಬಿಯನ್ನೂ ಎತ್ತಿಕೊಂಡರು. ನಾನು ಬಾಗಿಲಿಗೆ ಅಡ್ಡ ನಿಂತೆ. ಕ್ಲಾಸಿನುದ್ದಕ್ಕೂ ಜೋಡಿಸಿಟ್ಟಿದ್ದ ನಯವಾದ ವಾಕ್ಯಗಳು ಒಂದೂ ನೆನಪಾಗಲಿಲ್ಲ.

"ಐ ವಾಂಟ್ ದಿಸ್ ಜಾಬ್," ಎಂದೆ. ದನಿ ಸ್ವಲ್ಪ ಜೋರೇ ಆಯಿತು.

ಅವರು ಕನ್ನಡಕ ಹಾಕಿಕೊಂಡು ನನ್ನನ್ನು ನೋಡಿದರು. ಮಂಗಳವಾರ ಬೇಡ ಎಂದಿರಲ್ಲ ಎಂದರು.

ನನಗೆ ಬಂದ ಇಂಗ್ಲಿಷಿನಲ್ಲಿ, ಕೈ ಬಾಯಿ ಎರಡನ್ನೂ ಬಳಸಿ ವಿವರಿಸಿದೆ. ನಮ್ಮೂರಿನಲ್ಲಿ ಮೂರು ಸಲ ಕೇಳುತ್ತಾರೆ, ನಾನು ಹೇಳಿದ್ದು ಮೊದಲನೆಯ ಸಲದ ಬೇಡ, ಅದು ಬಾಯಿಮಾತಿನದು. ಅವರು ಮೇಜಿನ ಮೇಲೆ ಕೂತು ಪೂರ್ತಿ ಕೇಳಿಸಿಕೊಂಡರು, ನಡುವೆ ಒಂದು ತಪ್ಪನ್ನೂ ತಿದ್ದಲಿಲ್ಲ. ಆಮೇಲೆ ನೋಟೀಸನ್ನು ಮಡಿಚಿ ಡ್ರಾಯರಿಗೆ ಹಾಕಿದರು. ನಾಳೆ ಮಧ್ಯಾಹ್ನದೊಳಗೆ ಆಫೀಸಿಗೆ ಬಂದು ಫಾರ್ಮು ತುಂಬಬೇಕು, ಬೆಳಗಿನ ಹೊತ್ತು ಮನೆಯಲ್ಲಿ ಅನುಕೂಲವೋ ಇಲ್ಲವೋ ನೋಡಿಕೊಂಡು ಬನ್ನಿ ಎಂದರು. ನಾನು ಬಸ್ ಸ್ಟಾಪಿನವರೆಗೂ ಓಡುನಡಿಗೆಯಲ್ಲೇ ಹೋದೆ, ನೀಲಾಬಾಯಿ ಹಿಂದಿನಿಂದ "ನಿಂದರ್ರಿ ಅಕ್ಕೋರ" ಎಂದು ಕೂಗುತ್ತಾ ಬಂದರು.

ಸಂಜೆ ಆರೂವರೆಗೆ ಊಟಕ್ಕೆ ಕೂತಾಗ ಕಿಟಕಿಯಾಚೆ ಬೆಟ್ಟದ ಮೇಲೆ ಇನ್ನೂ ಬಿಸಿಲಿತ್ತು. ಯೋಗಾನಂದ ಅವರ ತಟ್ಟೆಗೆ ಚಪಾತಿ ಹಾಕಿ ವಿಷಯ ಹೇಳಿದೆ. ಬೆಳಗ್ಗೆ ಏಳಕ್ಕೆ ನಾನು ಹೊರಡಬೇಕು, ಹಾಗಾಗಿ ತಿಂಡಿ, ಶರಣ್ಯಾಳ ಡಬ್ಬಿ, ಅವಳನ್ನು ಸ್ಕೂಲಿಗೆ ಬಿಡುವುದು ಎಲ್ಲ ಅವರ ಪಾಲಿಗೆ.

"ಯಾಕೆ ಭುವನಾ ಈ ತಾಪತ್ರಯ?" ಎಂದರು. "ಆರಾಮಾಗಿದೀಯಲ್ಲ ಮನೇಲಿ. ಕೆಲಸ ಗಿಲಸ ಅಂತ ನಿಂಗೆ ಅಂಥ ಆಸೆ ಏನಿರ್ಲಿಲ್ವಲ್ಲ."

ಕೊಂಕು ಮಾತಲ್ಲ ಅದು. ಯೋಗಾನಂದ ಒಳ್ಳೆಯ ಮನುಷ್ಯ, ನಂಬಿದ್ದನ್ನೇ ಹೇಳುತ್ತಾರೆ. ನನಗೆ ಆಸೆಯಿಲ್ಲ ಎಂದು ಅವರು ನಿಜವಾಗಿಯೂ ನಂಬಿದ್ದರು.

ಇಂಗ್ಲಿಷಿನಲ್ಲಿ ಹೇಳುವುದು ಸುಲಭವಿತ್ತು ಎಂದು ನನಗೆ ಆಗ ತಿಳಿಯಿತು. ಅದು ಕ್ಲಾಸಿನಲ್ಲಿ ಕಲಿತ ವಾಕ್ಯ, ಹಿಂದೆ ಮುಂದೆ ಏನೂ ಇಲ್ಲ. ಕನ್ನಡದಲ್ಲಿ, ಈ ಮನುಷ್ಯನ ಎದುರು, ಆ ಮಾತನ್ನು ನಾನು ಯಾವತ್ತೂ ಆಡಿರಲಿಲ್ಲ. ನೀರು ಕುಡಿದೆ.

"ನಂಗೆ ಬೇಕು ರೀ," ಎಂದೆ. "ನಾಳೆ ಹೋಗಿ ಫಾರ್ಮು ತುಂಬ್ತೀನಿ."

ಶರಣ್ಯಾ ಫೋನಿನಿಂದ ತಲೆಯೆತ್ತಿದಳು. ಯೋಗಾನಂದ ಚಪಾತಿಯ ತುಂಡನ್ನು ತಟ್ಟೆಯಲ್ಲೇ ಬಿಟ್ಟರು.

"ಡಬ್ಬಿ ಕಟ್ಟೋದೇನು ಮಹಾ, ಕಟ್ತೀನಿ," ಎಂದರು. ಆದರೆ ಅವರಿಗೆ ಏನೋ ನೋವಾಗಿತ್ತು. "ಇಲ್ಲಿಗೆ ಬರೋ ಮುಂಚೆ ನಾನು ಕೇಳಿದ್ನಲ್ಲ ನಿನ್ನ. ಸ್ಕೂಲು ಬಿಟ್ಟು ಬರೋಕೆ ಬೇಜಾರಿಲ್ಲ ತಾನೇ ಅಂತ. ಇಲ್ಲ ಅಂದ್ಯಲ್ಲ."

ಕೇಳಿದ್ದರು. ಸುಳ್ಳಲ್ಲ. ನನ್ನ ಶಾಲೆಯ ಕೊನೆಯ ದಿನ, ಗೇಟಿನ ಹತ್ತಿರ ಸ್ಕೂಟರ್ ನಿಲ್ಲಿಸಿಕೊಂಡು ಕೇಳಿದ್ದರು. ಮಕ್ಕಳು ಕೊಟ್ಟ ಹೂವು ಕೈಯಲ್ಲಿತ್ತು. ಇಲ್ಲ ಎಂದಿದ್ದೆ. ಅವರು ಸ್ಕೂಟರ್ ಸ್ಟಾರ್ಟ್ ಮಾಡಿದ್ದರು.

"ಒಂದೇ ಸಲ ಕೇಳಿದ್ರಿ," ಎಂದೆ.

ಅವರು ಎದ್ದು ಕೈ ತೊಳೆದರು, ಟವೆಲಿನಲ್ಲಿ ಒರೆಸಿಕೊಂಡರು, ತಿರುಗಿ ಬಂದು ಅದೇ ಕುರ್ಚಿಯಲ್ಲಿ ಕೂತರು.

"ಬೇಜಾರಾಗಿತ್ತಾ ಭುವನಾ?" ಎಂದು ಕೇಳಿದರು.

'ಅಯ್ಯೋ, ಇಲ್ಲ ಬಿಡಿ' ಎಂಬುದು ನಾಲಿಗೆಯ ತುದಿಗೆ ಬಂದಿತ್ತು. ಅಂದಿದ್ದರೆ ಆ ರಾತ್ರಿ ಎಲ್ಲರೂ ನೆಮ್ಮದಿಯಾಗಿ ಮಲಗುತ್ತಿದ್ದೆವು.

"ಆಗಿತ್ತು," ಎಂದೆ. "ಇನ್ನೂ ಇದೆ."